ನಿಂತ ಕುದುರೆಗೆ ನೋವಿಲ್ಲದ ಶಸ್ತ್ರಚಿಕಿತ್ಸೆ: ದುಡಿಯುವ ಪ್ರಾಣಿಗೂ ದೊರೆಯಬೇಡವೇ?

ಮುಂಬಯಿಯಲ್ಲಿ ಮೋಜಿನ ಸವಾರಿಗಾಗಿ ಓಡುತ್ತಿದ್ದ ವಿಕ್ಟೋರಿಯಾ ಗಾಡಿಗಳು ಕಾನೂನುಬಾಹಿರವೆಂದು 2015ರಲ್ಲಿ ಇಲ್ಲಿನ ಉಚ್ಚ ನ್ಯಾಯಾಲಯ ತೀರ್ಪಿತ್ತಿತು. ಆದರೆ ಕುದುರೆಯ ದುಡಿಮೆ ಅಲ್ಲಿಗೆ ಮುಗಿಯಲಿಲ್ಲ. ಮಾಥೇರಾನ್ ಬೆಟ್ಟದಲ್ಲಿ ಪ್ರವಾಸಿಗರನ್ನು ಹೊತ್ತು ಇಂದಿಗೂ ಕುದುರೆಗಳು ನಡೆಯುತ್ತಿವೆ. 2012ರ ಜಾನುವಾರು ಗಣತಿಯಲ್ಲಿ ದೇಶದಾದ್ಯಂತ ಸುಮಾರು 6.2 ಲಕ್ಷವಿದ್ದ ಕುದುರೆಗಳ ಸಂಖ್ಯೆ 2019ರ ಗಣತಿಯಲ್ಲಿ ಸುಮಾರು 3.4 ಲಕ್ಷಕ್ಕೆ ಇಳಿದಿತ್ತು. ಉಳಿದಿರುವ ಈ ಪ್ರಾಣಿಗಳ ಹಲ್ಲು ಕೊಳೆತರೆ, ಕಣ್ಣಿಗೆ ಗಾಯವಾದರೆ, ಗೊರಸಿನಲ್ಲಿ ಕೀವು ತುಂಬಿದರೆ ಯಾವ ಬಗೆಯ ಚಿಕಿತ್ಸೆ ದೊರೆಯುತ್ತದೆ ಎಂಬುದನ್ನು ನಾವು ವಿಚಾರಿಸಬೇಕಾಗಿದೆ.

ಮನುಷ್ಯನಿಗೆ ಮಾಡುವಂತೆ ಕುದುರೆಯನ್ನೂ ಪೂರ್ಣ ಪ್ರಜ್ಞೆ ತಪ್ಪಿಸಿ ಮಲಗಿಸಬಹುದು. ಆದರೆ ಅದು ಅಪಾಯದ ದಾರಿ. 400–500 ಕಿಲೋ ತೂಕದ ದೇಹ ನೆಲಕ್ಕೊರಗಿದಾಗ ಶ್ವಾಸಕೋಶಗಳು ಒತ್ತಲ್ಪಡುತ್ತವೆ. ಕೆಳಗೆ ಸಿಲುಕಿದ ಮಾಂಸಖಂಡಗಳಿಗೆ ರಕ್ತಸಂಚಾರ ಕುಂದುತ್ತದೆ. ಎಚ್ಚರವಾಗುವ ಗಳಿಗೆ ಇನ್ನೂ ಕಠಿಣವಾದುದು. ಬೆದರಿದ ಪ್ರಾಣಿ ಥಟ್ಟನೆ ಏಳಲು ಹೋಗಿ ಕಾಲು ಮುರಿದುಕೊಳ್ಳುವುದುಂಟು. ಹಲವು ದೇಶಗಳ ಆಸ್ಪತ್ರೆಗಳಿಂದ ಮಾಹಿತಿ ಕಲೆಹಾಕಿ 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಪೂರ್ಣ ಅರಿವಳಿಕೆಗೆ ಒಳಗಾದ ಕುದುರೆಗಳಲ್ಲಿ ಸುಮಾರು ಶೇ. 1ರಷ್ಟು ಸಾವನ್ನಪ್ಪಿದ್ದವು. ನಿಲ್ಲಿಸಿಯೇ ಮಂಪರು ನೀಡಿದ ಕುದುರೆಗಳಲ್ಲಿ ಈ ಪ್ರಮಾಣ ಶೇ. 0.2. ಗಂಭೀರ ಕಾಯಿಲೆಯ ಕುದುರೆಗಳನ್ನೇ ಹೆಚ್ಚಾಗಿ ಮಲಗಿಸುವುದರಿಂದ ಈ ಎರಡು ಅಂಕಿಗಳನ್ನು ನೇರವಾಗಿ ಹೋಲಿಸಲಾಗದು. ಆದರೂ ಅವು ತೋರುವ ದಿಕ್ಕನ್ನು ಅಲ್ಲಗಳೆಯಲಾಗದು.

ನಿಲ್ಲಿಸಿ ಮಾಡುವ ಚಿಕಿತ್ಸೆಯ ಕ್ರಮ ಹೀಗಿದೆ. ಕುದುರೆಯನ್ನು ಕಂಬಗಳ ಚೌಕಟ್ಟಿನೊಳಗೆ ನಿಲ್ಲಿಸಿ, ಜೈಲಜೀನ್ ಅಥವಾ ಡೆಟೊಮಿಡಿನ್‌ನಂಥ ಔಷಧದಿಂದ ಮಂಪರು ಬರಿಸಲಾಗುತ್ತದೆ. ತಲೆ ಬಾಗುತ್ತದೆ, ಕಾಲುಗಳು ಮಾತ್ರ ದೇಹವನ್ನು ಹೊತ್ತಿರುತ್ತವೆ. ಬಳಿಕ ಲಿಗ್ನೊಕೇನ್‌ನಂಥ ಅರಿವಳಿಕೆ ಮದ್ದನ್ನು ಗಾಯದ ಸುತ್ತ ಚುಚ್ಚಿದರೆ ಅದು ಸ್ಥಳೀಯ ಅರಿವಳಿಕೆ. ಒಂದು ಭಾಗಕ್ಕೆಲ್ಲ ಸಂವೇದನೆ ಒಯ್ಯುವ ನರದ ಬಳಿ ಚುಚ್ಚಿದರೆ ಅದು ಪ್ರಾದೇಶಿಕ ಅರಿವಳಿಕೆ. ದವಡೆಯ ನರವನ್ನು ಹೀಗೆ ತಡೆದು ಹಲ್ಲು ಕೀಳಬಹುದು. ಗೊರಸಿನ ಮೇಲ್ಭಾಗದ ಇಕ್ಕೆಲದ ನರಗಳನ್ನು ತಡೆದು ಪಾದಕ್ಕೆ ಚಿಕಿತ್ಸೆ ನೀಡಬಹುದು. ಮರಿ ಹಾಕುವಾಗ ಹರಿದ ಭಾಗವನ್ನು ಹೊಲಿಯಲು ಬಾಲದ ಬುಡದ ಮೂಳೆಗಳ ನಡುವೆ ಮದ್ದು ಕೊಡುತ್ತಾರೆ. ಅಲ್ಲಿ ಪ್ರಮಾಣ ಮಿತಿಮೀರಿದರೆ ಹಿಂಗಾಲುಗಳ ಬಲ ಕುಸಿದು ಕುದುರೆ ಗಾಬರಿಯಿಂದ ಬೀಳಬಹುದು. ಮಂಪರಿನಲ್ಲಿರುವ ಕುದುರೆಯೂ ಒದೆಯಬಲ್ಲದು. ಆದ್ದರಿಂದ ಅಂಗರಚನೆ ಬಲ್ಲ ಪಶುವೈದ್ಯರಷ್ಟೇ ಕೈಹಾಕಬೇಕಾದ ಕೆಲಸವಿದು. ಹೊಟ್ಟೆಶೂಲೆಗೆ ಕರುಳು ತೆರೆಯುವಂಥ ಸಂದರ್ಭಗಳಲ್ಲಿ ಮಲಗಿಸದೆ ಗತ್ಯಂತರವಿಲ್ಲ.

ಇದೇ ಮದ್ದಿನ ದುರುಪಯೋಗವೂ ಸಾಧ್ಯ. ಕುಂಟುವ ಕಾಲನ್ನು ಮರಗಟ್ಟಿಸಿದರೆ ಕುದುರೆ ನೆಟ್ಟಗೆ ನಡೆಯುತ್ತದೆ, ಆದರೆ ಒಳಗಿನ ಪೆಟ್ಟು ಉಲ್ಬಣಿಸುತ್ತದೆ. ಪಂದ್ಯಗಳಲ್ಲಿ ಇದನ್ನು ನಿಷೇಧಿಸಿರುವುದು ಈ ಕಾರಣದಿಂದಲೇ. ಬೆಟ್ಟದ ದಾರಿಯಲ್ಲಿ ಪರೀಕ್ಷಿಸುವವರು ಯಾರು?

ನಮ್ಮ ನಗರಕ್ಕೆ ಪಶುವೈದ್ಯ ಹೊಸದಲ್ಲ. ಪರೇಲಿನ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಆಸ್ಪತ್ರೆ ಹತ್ತೊಂಬತ್ತನೇ ಶತಮಾನದಲ್ಲೇ ಸ್ಥಾಪನೆಯಾಯಿತು. ಮುಂಬಯಿ ಪಶುವೈದ್ಯಕೀಯ ಕಾಲೇಜು 1886ರಲ್ಲಿ ಆರಂಭವಾಯಿತು. ಮಹಾಲಕ್ಷ್ಮಿ ರೇಸ್‌ಕೋರ್ಸಿನ ಬೆಲೆಬಾಳುವ ಕುದುರೆಗೆ ವೈದ್ಯರ ಕೊರತೆಯಾಗದು. ಒಂದೇ ಕುದುರೆಯನ್ನು ನಂಬಿ ಮಕ್ಕಳ ಶಾಲೆಯ ಶುಲ್ಕ ಕಟ್ಟುವ ಕುಟುಂಬದ ಪಾಡು ಬೇರೆ. ಅದಕ್ಕೆ ಆ ಪ್ರಾಣಿಯ ಸಾವೆಂದರೆ ದುಡಿಮೆಯೇ ನಿಂತಂತೆ.

ಮಲಗಿಸುವ ಚಿಕಿತ್ಸೆಗೆ ಎತ್ತುವ ಯಂತ್ರ, ಅನಿಲದ ಉಪಕರಣ, ಮೆತ್ತೆ ಹೊದಿಸಿದ ಕೋಣೆ ಬೇಕು. ನಿಲ್ಲಿಸುವ ವಿಧಾನಕ್ಕೆ ಮುಖ್ಯವಾಗಿ ಬೇಕಾದುದು ಚೌಕಟ್ಟು, ಮದ್ದು ಮತ್ತು ಪಳಗಿದ ಕೈ. ಹಾಗಾಗಿ ಸಂಚಾರಿ ಚಿಕಿತ್ಸಾ ತಂಡಗಳಿಗೆ ಈ ತರಬೇತಿ ನೀಡಿ ಬೆಟ್ಟದೂರುಗಳಿಗೆ ಕಳುಹಿಸುವುದು ಅಸಾಧ್ಯವೇನಲ್ಲ. ರಜೆಯಲ್ಲಿ ಮಕ್ಕಳನ್ನು ಕುದುರೆಯೇರಿಸುವ ನಾವು ಮೊದಲು ಅದರ ನಡಿಗೆಯನ್ನು ಗಮನಿಸೋಣ. ಕುಂಟುತ್ತಿದ್ದರೆ ಸವಾರಿ ಬೇಡವೆನ್ನೋಣ. ಮಾಲೀಕನನ್ನು ಜರೆಯುವ ಬದಲು ವೈದ್ಯರ ನೆರವು ಅವನಿಗೆ ಸಿಗುವಂತೆ ಒತ್ತಾಯಿಸೋಣ.