ಕಥೆ ಪುಸ್ತಕ ಆರಿಸುವಾಗ ಮಗುವಿನ ಖುಷಿಯೇ ಮೊದಲಾಗಲಿ

ಶಾಲಾ ಶಿಕ್ಷಣ ಇಲಾಖೆಯ ಬೆಂಗಳೂರು ಉತ್ತರ ಜಿಲ್ಲೆಯ ಉಪನಿರ್ದೇಶಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಚಿಕ್ಕಬಾಣಾವರದ ಪ್ರಾಥಮಿಕ ಶಾಲೆಗಳೂ ಸೇರಿದಂತೆ ನಿಮ್ಮ ಜಿಲ್ಲೆಯ ಶಾಲೆಗಳಿಗೆ ಕಥೆ ಪುಸ್ತಕ ಆರಿಸುವ ಬಗೆಯನ್ನು ಕುರಿತು ಈ ಪತ್ರ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಅನುಸೂಚಿ ಪ್ರತಿ ಶಾಲೆಗೂ ಗ್ರಂಥಾಲಯ ಇರಬೇಕೆಂದು ಹೇಳಿ ಸುಮ್ಮನಾಗುವುದಿಲ್ಲ. ಅಲ್ಲಿ ಕಥೆ ಪುಸ್ತಕಗಳೂ ಇರಬೇಕೆಂದು ಬಿಡಿಸಿ ಹೇಳುತ್ತದೆ. ಸಮಗ್ರ ಶಿಕ್ಷಣ ಯೋಜನೆ 2018–19ರಲ್ಲಿ ಆರಂಭವಾದಾಗ ಸರ್ಕಾರಿ ಶಾಲೆಗಳ ಗ್ರಂಥಾಲಯಕ್ಕೆಂದೇ 5,000 ರೂಪಾಯಿಯಿಂದ 20,000 ರೂಪಾಯಿವರೆಗೆ ಅನುದಾನ ಗೊತ್ತುಮಾಡಲಾಯಿತು. ಕಾನೂನಿದೆ, ಹಣಕ್ಕೊಂದು ಬಾಬತ್ತೂ ಇದೆ. ಉಳಿದಿರುವುದು ಯಾವ ಪುಸ್ತಕ ಎಂಬ ಪ್ರಶ್ನೆ. ಒಂದರಿಂದ ಐದನೇ ತರಗತಿಯವರೆಗಿನ ಮಕ್ಕಳಿಗೆ ಕಥೆ ಆರಿಸುವಾಗ ಮಗುವಿನ ಖುಷಿಯೇ ಮೊದಲ ಅಳತೆಗೋಲಾಗಬೇಕು, ನೀತಿಯೂ ಮಾಹಿತಿಯೂ ಪರೀಕ್ಷೆಯ ಉಪಯೋಗವೂ ಅದರ ನಂತರ ಬರಬೇಕು ಎಂಬುದು ನನ್ನ ವಾದ.

ಇದಕ್ಕೆ ಕನ್ನಡದ ಓದಿನಲ್ಲೇ ಕಾರಣವಿದೆ. ಮೂವತ್ತನಾಲ್ಕು ವ್ಯಂಜನಗಳು, ಒಂದೊಂದಕ್ಕೂ ಸಾಲುಸಾಲು ಗುಣಿತಾಕ್ಷರಗಳು, ಅವುಗಳ ಮೇಲೆ ಒತ್ತಕ್ಷರಗಳು: ಮಗು ಪಳಗಿಸಿಕೊಳ್ಳಬೇಕಾದ ರೂಪಗಳು ನೂರಾರು. ‘ಸೂರ್ಯ’ ಎಂಬ ಸಣ್ಣ ಪದವನ್ನೇ ನೋಡಿ. ಬಾಯಲ್ಲಿ ರಕಾರ ಮೊದಲು ಬರುತ್ತದೆ, ಬರಹದಲ್ಲಿ ಅರ್ಕಾವೊತ್ತು ಯಕಾರದ ನಂತರ ಕೂರುತ್ತದೆ; ಕಣ್ಣು ಮುಂದೆ ಹೋಗಿ ಹಿಂದೆ ಬರಬೇಕು. ಕನ್ನಡ ಮಕ್ಕಳ ಆರಂಭಿಕ ಓದಿನ ಬಗ್ಗೆ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನ, ಅಕ್ಷರಗಳ ಮೇಲಿನ ಹಿಡಿತ ಒಂದೆರಡು ವರ್ಷಕ್ಕೆ ಮುಗಿಯುವ ಕೆಲಸವಲ್ಲ, ನಾಲ್ಕನೇ ತರಗತಿಯವರೆಗೂ ಸಾಗುತ್ತಲೇ ಇರುತ್ತದೆ ಎಂದು ತೋರಿಸಿತು. ಅಂದರೆ ಕನ್ನಡದ ಮಗುವಿಗೆ ಬೇಕಾಗಿರುವುದು ಹೇರಳವಾದ ಓದು. ಅಷ್ಟೊಂದು ಓದನ್ನು ಪಠ್ಯಪುಸ್ತಕವೊಂದೇ ಒದಗಿಸಲಾರದು, ಶಿಕ್ಷಕರು ಎದುರಿಗೆ ಕೂತು ಓದಿಸಲೂ ಆಗದು. ಒಂದು ಪುಸ್ತಕ ಮುಗಿಸಿದ ಮಗು ತಾನಾಗಿಯೇ ಇನ್ನೊಂದನ್ನು ಕೇಳಿದಾಗ ಮಾತ್ರ ಅದು ಸಾಧ್ಯ. 2021ರಲ್ಲಿ ಶುರುವಾದ, ಆರಂಭಿಕ ಓದು-ಲೆಕ್ಕದ ನಿಪುಣ್ ಭಾರತ್ ಯೋಜನೆಯ ಗುರಿಗಳ ನಡುವೆ ಕಥೆಗೆ ಸಮಯವೆಲ್ಲಿ ಎಂದು ಕೇಳುವವರಿಗೂ ಇದೇ ಉತ್ತರ: ಸರಾಗವಾಗಿ ಓದುವುದು ಆ ಗುರಿಗಳಲ್ಲೊಂದು, ಅಲ್ಲಿಗೆ ಮಗುವನ್ನು ಬೇಸರವಿಲ್ಲದೆ ಕರೆದೊಯ್ಯುವುದು ಕಥೆಯೇ.

ಓದು ಮುಖ್ಯವಾದರೆ ಸಾಮಾನ್ಯ ಜ್ಞಾನದ ಪುಸ್ತಕ, ಮಹಾಪುರುಷರ ಜೀವನಚರಿತ್ರೆ ಸಾಲದೇ ಎಂದು ಕೇಳಬಹುದು. ಅವೂ ಬೇಕು. ಆದರೆ ಕಥೆ ಮಾಡುವ ಕೆಲಸವೇ ಬೇರೆ. 35 ದೇಶಗಳ ಹದಿಹರೆಯದವರ ಪೀಸಾ ಪರೀಕ್ಷೆಯ ಅಂಕಿಅಂಶಗಳನ್ನು ಜಾನ್ ಜೆರಿಮ್ ಮತ್ತು ಜೆಮ್ಮಾ ಮಾಸ್ 2019ರಲ್ಲಿ ವಿಶ್ಲೇಷಿಸಿದಾಗ, ಕಥೆ ಕಾದಂಬರಿಗಳನ್ನು ಆಗಾಗ ಓದುವವರ ಓದಿನ ಸಾಮರ್ಥ್ಯ ಎದ್ದು ಕಂಡಿತು. ಬೇರೆ ಬಗೆಯ ಓದಿಗೆ ಅಂಥ ನಂಟು ಕಾಣಲಿಲ್ಲ. ಚೆನ್ನಾಗಿ ಓದಬಲ್ಲವರೇ ಕಥೆಯ ಕಡೆ ವಾಲಿರಬಹುದು, ಆ ಮಕ್ಕಳು ದೊಡ್ಡವರು ಎಂಬ ಆಕ್ಷೇಪಗಳು ನ್ಯಾಯವಾದವು. ಆದರೂ ಕಥೆ ಕಾಲಹರಣ ಎಂಬ ಮಾತಿಗೆ ಅಲ್ಲಿ ಆಧಾರ ಸಿಗುವುದಿಲ್ಲ. ನಮ್ಮವರೇ ಆದ ಪಂಜೆ ಮಂಗೇಶರಾಯರು ಇದನ್ನು ಅಂಕಿಅಂಶಗಳಿಲ್ಲದೆಯೇ ಅರಿತಿದ್ದರು. ಶಾಲಾ ಇನ್ಸ್‌ಪೆಕ್ಟರ್ ಆಗಿದ್ದ ಅವರು, ನಿಮ್ಮ ಹಾಗೆ ಶಾಲೆಗಳ ಹೊಣೆ ಹೊತ್ತಿದ್ದವರು, ‘ಹೇನು ಸತ್ತು ಕಾಗೆ ಬಡವಾಯಿತು’ ಎಂಬಂಥ ಕಥೆ ಬರೆದರು. ಇಂಥ ಸರಪಳಿ ಕಥೆಯ ಕಸುಬನ್ನು ಗಮನಿಸಬೇಕು: ಒಂದು ಸಂಗತಿಗೆ ಇನ್ನೊಂದು ಕೊಂಡಿ ಬೀಳುತ್ತದೆ, ಹಳೆಯ ಮಾತು ಮತ್ತೆ ಮತ್ತೆ ಬರುತ್ತದೆ. ಕಾಪಿ ಪುಸ್ತಕದಲ್ಲಿ ಹತ್ತು ಸಲ ಬರೆಸಿದರೆ ಸಾಕೆನಿಸುವ ಪದವನ್ನು ಇಲ್ಲಿ ಮಗು ನಗುನಗುತ್ತಾ ಅಷ್ಟೇ ಸಲ ಓದುತ್ತದೆ.

ದೊಡ್ಡ ಆಕ್ಷೇಪ ನೀತಿಯದು. ಮಕ್ಕಳ ಕಥೆ ಎಂದರೆ ಕೊನೆಗೊಂದು ನೀತಿ ಇರಲೇಬೇಕು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿ ಬೇರೂರಿದೆ. ಮಕ್ಕಳು ಒಳ್ಳೆಯವರಾಗಲಿ ಎಂಬ ಆ ಕಾಳಜಿಯನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ನೀತಿಕಥೆಗಳ ಮೂಲ ಎನ್ನಲಾಗುವ ಪಂಚತಂತ್ರವನ್ನೇ ತೆಗೆದುಕೊಳ್ಳಿ. ಕನ್ನಡದಲ್ಲಿ ಅದನ್ನು 11ನೇ ಶತಮಾನದಲ್ಲೇ ದುರ್ಗಸಿಂಹ ಬರೆದ. ಓದಿಗೆ ಒಗ್ಗದ ರಾಜಕುಮಾರರನ್ನು ಕಥೆಯ ಮೂಲಕ ಒಲಿಸಿಕೊಳ್ಳುವುದೇ ಅದರ ಹೂರಣ. ಮೊಸಳೆಗೆ ಚಳ್ಳೆಹಣ್ಣು ತಿನ್ನಿಸಿ ಪಾರಾಗುವ ಕೋತಿ ಸುಳ್ಳು ಹೇಳುತ್ತದೆ, ಆದರೂ ಎಲ್ಲ ಮಕ್ಕಳೂ ಕೋತಿಯ ಪರವೇ. ಯಾರಿಗೆ ನೋವಾಯಿತು, ಯಾವ ಸುಳ್ಳು ಪ್ರಾಣ ಉಳಿಸಿತು, ಯಾವುದು ಮೋಸ ಎಂದು ಮಗು ಕಥೆಯೊಳಗೇ ತೂಗಿ ನೋಡುತ್ತದೆ. ಕೊನೆಗೆ ದಪ್ಪಕ್ಷರದಲ್ಲಿ ನೀತಿ ಅಚ್ಚು ಹಾಕಿದಾಗ ಆ ಆಲೋಚನೆಗೆ ಬಾಗಿಲು ಮುಚ್ಚುತ್ತದೆ. ಮುಗಿಸಿದ ಕೂಡಲೇ ‘ಈ ಕಥೆಯಿಂದ ಏನು ಕಲಿತೆ?’ ಎಂಬ ಪ್ರಶ್ನೆ ಎದುರಾಗುವುದಾದರೆ ಕಥೆ ಪುಸ್ತಕವೂ ಇನ್ನೊಂದು ಪಾಠವಾಗಿ ಬಿಡುತ್ತದೆ.

ಆಯ್ಕೆಯನ್ನು ಮಕ್ಕಳಿಗೇ ಬಿಟ್ಟರೆ ಹುರುಳಿಲ್ಲದ್ದನ್ನೇ ಆರಿಸುತ್ತಾರೆ ಎಂಬ ಅಳುಕೂ ಉಂಟು. ಪಟ್ಟಿ ಮಾಡುವ ಹೊಣೆ ದೊಡ್ಡವರದೇ ಇರಲಿ. ಆ ಪಟ್ಟಿಯೊಳಗಿಂದ ಆರಿಸುವ ಸ್ವಾತಂತ್ರ್ಯ ಮಗುವಿನದಾಗಲಿ. ಒಳ್ಳೆಯ ಪಟ್ಟಿಗೆ ಕನ್ನಡದಲ್ಲಿ ಬರವಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ 2010ರಿಂದ ಬಾಲ ಸಾಹಿತ್ಯ ಪುರಸ್ಕಾರ ಕೊಡುತ್ತಿದೆ. ಬಸು ಬೇವಿನಗಿಡದ ಅವರ ‘ಓಡಿ ಹೋದ ಹುಡುಗ’, ತಮ್ಮಣ್ಣ ಬೀಗಾರ ಅವರ ‘ಬಾವಲಿ ಗುಹೆ’, ವಿಜಯಶ್ರೀ ಹಾಲಾಡಿ ಅವರ ‘ಸೂರಕ್ಕಿ ಗೇಟ್’, ಕೃಷ್ಣಮೂರ್ತಿ ಬಿಳಿಗೆರೆ ಅವರ ‘ಛೂಮಂತ್ರಯ್ಯನ ಕಥೆಗಳು’ ಇತ್ತೀಚಿನ ವರ್ಷಗಳಲ್ಲಿ ಅದನ್ನು ಪಡೆದಿವೆ. ಪ್ರಶಸ್ತಿ ಬಂತೆಂದು ಎರಡನೇ ತರಗತಿಯ ಮಗುವಿಗೆ ಹಿಡಿಸುತ್ತದೆಂದೇನೂ ಇಲ್ಲ. ಅದಕ್ಕೇ ಖರೀದಿಗೆ ಮೊದಲು ಮಕ್ಕಳೆದುರು ಓದಿ ನೋಡಬೇಕು. ಚಿಕ್ಕಬಾಣಾವರದಂಥ ಕಡೆ ಇದು ಇನ್ನೂ ಅಗತ್ಯ. ಹೆಸರಘಟ್ಟ ರಸ್ತೆಯ ಉದ್ದಕ್ಕೂ ಬಡಾವಣೆಗಳು ಬೆಳೆದು, ದುಡಿಮೆ ಅರಸಿ ಬಂದವರು ನೆಲೆಸಿದ ಊರಿದು. ಮನೆಯಲ್ಲಿ ತೆಲುಗು, ಉರ್ದು, ತಮಿಳು, ಹಿಂದಿ ಆಡುವ ಮಕ್ಕಳು, ಉತ್ತರ ಕರ್ನಾಟಕದ ಕನ್ನಡ ಆಡುವ ಮಕ್ಕಳು ಇಲ್ಲಿ ಒಂದೇ ಬೆಂಚಿನಲ್ಲಿ ಕೂರುತ್ತಾರೆ. ಬಾಯ್ಮಾತಿಗೆ ಹತ್ತಿರವಾದ ಕನ್ನಡ, ಚಿತ್ರವೇ ಅರ್ಧ ಕಥೆ ಹೇಳುವ ಪುಟ, ಎರಡು ಭಾಷೆಯ ಪುಸ್ತಕ ಇವರಿಗೆ ಬೇಕು. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ತೆರೆದ ಸ್ಟೋರಿವೀವರ್‌ನಲ್ಲಿ ಓದಿನ ಹಂತಕ್ಕೆ ತಕ್ಕಂತೆ ವಿಂಗಡಿಸಿದ ಕಥೆಗಳು ಉಚಿತವಾಗಿ ಸಿಗುತ್ತವೆ, ಮುದ್ರಿಸಿಕೊಳ್ಳಲೂ ಅನುಮತಿ ಇದೆ. ಹಣ ಸಾಲದು ಎಂಬ ಮಾತು ಇಲ್ಲಿ ಅರ್ಧ ಬಗೆಹರಿಯುತ್ತದೆ.

ಆದ್ದರಿಂದ ನಿಮ್ಮಲ್ಲಿ ಕೇಳುವುದು ಇಷ್ಟು. ಪುಸ್ತಕ ಪಟ್ಟಿ ಅಂತಿಮವಾಗುವ ಮುನ್ನ ಕಿರಿಯ ತರಗತಿಗಳ ನಲಿ-ಕಲಿ ಶಿಕ್ಷಕರೂ ಮಕ್ಕಳೂ ಅದರಲ್ಲಿನ ಪುಸ್ತಕಗಳನ್ನು ಓದಿ ಅಭಿಪ್ರಾಯ ಹೇಳಲಿ. ಗ್ರಂಥಾಲಯ ಅನುದಾನದ ಕನಿಷ್ಠ ಅರ್ಧ ಭಾಗ ಕಥೆಗೆ ಮೀಸಲಾಗಲಿ. ವಾರಕ್ಕೆ ಎರಡು ಅವಧಿ ಪ್ರಶ್ನೆಯೂ ಅಂಕವೂ ಇಲ್ಲದ ಓದಿಗೆ ಸಿಗಲಿ. ಪುಸ್ತಕ ಮನೆಗೆ ಹೋಗಲಿ. ಹರಿದರೆ, ಕಳೆದರೆ ಮುಖ್ಯ ಶಿಕ್ಷಕರು ಕೈಯಿಂದ ಕಟ್ಟಬೇಕಾಗಿಲ್ಲ ಎಂದು ಲಿಖಿತ ಆದೇಶ ಹೊರಡಿಸಿ, ಏಕೆಂದರೆ ಬೀರುವಿಗೆ ಬೀಗ ಹಾಕಿಸುವುದು ಆ ಭಯವೇ. ವರ್ಷದ ಕೊನೆಯಲ್ಲಿ ಲೆಕ್ಕ ಕೇಳುವಾಗ ಎಷ್ಟು ಪುಸ್ತಕ ಕೊಂಡಿರಿ ಎನ್ನುವ ಜತೆಗೆ ಯಾವ ಪುಸ್ತಕ ಹೆಚ್ಚು ಕೈ ಬದಲಿಸಿತು ಎಂದೂ ಕೇಳಿ. ಇದಕ್ಕೆ ಹೊಸ ಕಾನೂನು ಬೇಡ, ಹೊಸ ಇಲಾಖೆ ಬೇಡ. ನಿಮ್ಮದೊಂದು ಸುತ್ತೋಲೆ ಸಾಕು. ಮುಂದಿನ ಶೈಕ್ಷಣಿಕ ವರ್ಷ ಆರಂಭವಾಗುವ ಮೊದಲೇ ಅದನ್ನು ಹೊರಡಿಸಬೇಕೆಂದು ಕೋರುತ್ತೇನೆ.

ಇಂತಿ,
ಚಿಕ್ಕಬಾಣಾವರದ ಒಬ್ಬ ನಿವಾಸಿ