ಮನೆಯ ವೈಫೈಗೆ ಎರಡು ಬೀಗ



ಮೊನ್ನೆ ಒಂದು ಮನೆಗೆ ಹೋಗಿದ್ದೆ. ನಾನು ಕುಳಿತುಕೊಳ್ಳುವ ಮೊದಲೇ ಮನೆಯ ಹುಡುಗ, "ಫಾದರ್, ವೈಫೈ ಬೇಕಾ? ಪಾಸ್‌ವರ್ಡ್ ಅಂದ್ರೆ ಅಮ್ಮನ ಫೋನ್ ನಂಬರು" ಎಂದ. ಅಕ್ಕಪಕ್ಕದ ಹುಡುಗರಿಗೂ ಅದು ಗೊತ್ತಂತೆ. ರಾತ್ರಿಯಾದರೆ ಹಿಂಬಾಗಿಲಿಗೂ ಅಗುಳಿ ಹಾಕುವ ಮನೆ ಅದು!

"ಉಪಯೋಗಿಸಿದರೆ ಉಪಯೋಗಿಸಲಿ, ನಮಗೇನು ನಷ್ಟ?" ಎಂದು ನೀವು ಕೇಳಬಹುದು. 2008ರ ಜುಲೈ 26ರಂದು ಅಹಮದಾಬಾದಿನಲ್ಲಿ ಸರಣಿ ಬಾಂಬ್ ಸ್ಫೋಟವಾಗಿ ಐವತ್ತಕ್ಕೂ ಹೆಚ್ಚು ಜನ ಸತ್ತರು. ಅದಕ್ಕೆ ಕೆಲವೇ ನಿಮಿಷ ಮೊದಲು ಸುದ್ದಿ ಸಂಸ್ಥೆಗಳಿಗೆ ಬೆದರಿಕೆಯ ಇ-ಮೇಲ್ ಬಂದಿತ್ತು. ಪೊಲೀಸರು ಅದರ ಜಾಡು ಹಿಡಿದು ತಲುಪಿದ್ದು ನವಿ ಮುಂಬಯಿಯ ಒಂದು ಫ್ಲಾಟಿಗೆ. ಅಲ್ಲಿದ್ದ ಅಮೆರಿಕದ ಪ್ರಜೆಯ ವೈಫೈಗೆ ರಕ್ಷಣೆಯೇ ಇರಲಿಲ್ಲ. ಯಾರೋ ಹೊರಗಿನವರು ಅದನ್ನು ಬಳಸಿಕೊಂಡಿದ್ದರು. ವಿಚಾರಣೆ ಎದುರಿಸಬೇಕಾದವರು ಮನೆಯವರು. ನಿಮ್ಮ ವೈಫೈ ಬಳಸುವವರು ಎಷ್ಟೇ ಜನರಿರಲಿ, ಸಾಮಾನ್ಯವಾಗಿ ಹೊರಗೆ ಕಾಣುವುದು ನಿಮ್ಮ ಮನೆಯ ಒಂದೇ ವಿಳಾಸ.

ವೈಫೈ ಪಾಸ್‌ವರ್ಡ್ ಒಂದಿದ್ದರೆ ಸಾಕೇ? ಸಾಲದು. ರೌಟರ್ ಪೆಟ್ಟಿಗೆಗೆ ಇನ್ನೊಂದು ಬೀಗವಿದೆ. ಅದರ ಸೆಟ್ಟಿಂಗ್ ತೆರೆಯುವ ಪಾಸ್‌ವರ್ಡ್ ಅದು. ಎಷ್ಟೋ ಮನೆಗಳಲ್ಲಿ ಅದು ಕಂಪೆನಿಯವರು ಇಟ್ಟದ್ದೇ, 'ಅಡ್ಮಿನ್' ಎಂದೋ '1234' ಎಂದೋ ಇರುತ್ತದೆ. 2016ರಲ್ಲಿ 'ಮಿರಾಯ್' ಎಂಬ ದುಷ್ಟ ಪ್ರೋಗ್ರಾಮ್ ಇಂಥ ಸುಮಾರು ಅರುವತ್ತು ಜೊತೆ ಹೆಸರು-ಪಾಸ್‌ವರ್ಡ್‌ಗಳನ್ನು ಒಂದೊಂದಾಗಿ ಹಾಕಿ ನೋಡುತ್ತಾ, ಲಕ್ಷಾಂತರ ರೌಟರ್ ಮತ್ತು ಸಿಸಿ ಕ್ಯಾಮರಾಗಳ ಒಳಗೆ ನುಗ್ಗಿತು. ಆ ವರ್ಷ ಅಕ್ಟೋಬರ್ 21ರಂದು ಅವು ಒಟ್ಟಾಗಿ ದಾಳಿ ಮಾಡಿದಾಗ ಅಮೆರಿಕದಲ್ಲಿ ಟ್ವಿಟರ್, ನೆಟ್‌ಫ್ಲಿಕ್ಸ್‌ಗಳೇ ತಾಸುಗಟ್ಟಲೆ ತತ್ತರಿಸಿದವು. ಕ್ಯಾಮರಾದ ಯಜಮಾನರಿಗೆ ಏನೂ ಗೊತ್ತಿರಲಿಲ್ಲ. ವಯರಿನಿಂದ ಜೋಡಿಸಿದ ಕ್ಯಾಮರಾ ಸುರಕ್ಷಿತ ಎಂಬ ಧೈರ್ಯ ಬೇಡ. ಅದರ ಪಾಸ್‌ವರ್ಡನ್ನೂ ಬದಲಿಸಿ.

ಮಾಡಬೇಕಾದದ್ದು ಇಷ್ಟೇ:

1. ರೌಟರ್ ಸೆಟ್ಟಿಂಗಿನ ಪಾಸ್‌ವರ್ಡ್ ಬದಲಿಸಿ, ಡೈರಿಯಲ್ಲಿ ಬರೆದಿಡಿ.

2. ವೈಫೈ ಭದ್ರತೆ 'ಡಬ್ಲ್ಯುಪಿಎ 2' ಅಥವಾ 'ಡಬ್ಲ್ಯುಪಿಎ 3' ಇರಲಿ. ಹಳೆಯ 'ಡಬ್ಲ್ಯುಇಪಿ' ಬೀಗದ ದೋಷ 2001ರಲ್ಲೇ ಬಯಲಾಗಿದೆ. ಈಗ ಅದನ್ನು ಕೆಲವೇ ನಿಮಿಷಗಳಲ್ಲಿ ಮುರಿಯಬಹುದು.

3. ವೈಫೈ ಪಾಸ್‌ವರ್ಡ್ ಉದ್ದವಾಗಿರಲಿ. ಫೋನ್ ನಂಬರು, ಮನೆಯ ಹೆಸರು ಬೇಡ. ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕೈದು ಪದ ಸೇರಿಸಿದರೆ ನೆನಪಿಡಲೂ ಸುಲಭ.

4. ನೆಂಟರಿಗಾಗಿ ಹೆಚ್ಚಿನ ರೌಟರ್‌ಗಳಲ್ಲಿ 'ಗೆಸ್ಟ್' ವೈಫೈ ಇದೆ. ಅದಕ್ಕೆ ಬೇರೆ ಪಾಸ್‌ವರ್ಡ್ ಇಡಿ.

5. ರೌಟರಿನ ಸಾಫ್ಟ್‌ವೇರ್ ಆಗಾಗ ಅಪ್‌ಡೇಟ್ ಮಾಡಿ.

ಶಾಲೆ, ಅಂಗಡಿ, ಸಭಾಭವನ ನಡೆಸುವವರಿಗೆ ಇನ್ನೊಂದು ಮಾತು. ಗೋಡೆಯಲ್ಲಿ ಸುಮ್ಮನೆ ಬಿಟ್ಟ ನೆಟ್‌ವರ್ಕ್ ಸಾಕೆಟ್ಟೂ ತೆರೆದ ಬಾಗಿಲೇ. ಉಪಯೋಗವಿಲ್ಲದಿದ್ದರೆ ಆ ವಯರನ್ನು ರೌಟರ್ ಕಡೆಯಿಂದಲೇ ಕಳಚಿಡಿ.

ಇಷ್ಟಕ್ಕೆಲ್ಲ ಅರ್ಧ ಗಂಟೆ ಸಾಕು. ಬರುವ ಭಾನುವಾರ ಊಟವಾದ ಮೇಲೆ ಮನೆಯ ಮಕ್ಕಳನ್ನೇ ಕರೆದು ಕೂರಿಸಿಕೊಳ್ಳಿ. ಅವರಿಗೆ ಫೋನಿನ ವಿದ್ಯೆ ಗೊತ್ತು. ಬೀಗ ಯಾಕೆ ಬೇಕೆಂಬುದು ನಿಮಗೆ ಗೊತ್ತು. ಎರಡೂ ಸೇರಿದರೆ ಮನೆ ಭದ್ರ.