ಕುದುರೆಗೆ ಜಂತಿನ ಔಷಧ: ಅಂದಾಜು ಸಲ್ಲದು

ಕಿತ್ತೂರಿಗೆ ಸಮೀಪದ ದೇಗಾಂವವೆಂದೊಡನೆ ಕದಂಬರ ಕಾಲದ ಕಮಲನಾರಾಯಣ ದೇವಾಲಯ ನೆನಪಾಗುವುದು ಸಹಜ. ಆ ಕಾಲದಲ್ಲಿ ಕುದುರೆ ಅರಸರ ಸಂಪತ್ತಾಗಿತ್ತು. ಇಂದು ಅದು ಬಡವರ ಆಸರೆಯಾಗಿದೆ. ಬೆಳಗಾವಿ ಜಿಲ್ಲೆಯಲ್ಲಿ ಕುರಿಗಳೊಡನೆ ಊರಿಂದೂರಿಗೆ ಸಂಚರಿಸುವ ಹಲವು ಕುಟುಂಬಗಳ ಪಾತ್ರೆಪಡಗ, ಹಾಸಿಗೆ, ಎಳೆಯ ಕುರಿಮರಿಗಳನ್ನು ಹೊರುವುದು ಕುದುರೆಯೇ. ಅದು ನೆಲ ಹಿಡಿದರೆ ಇಡೀ ಸಂಸಾರದ ಪ್ರಯಾಣವೇ ನಿಂತುಹೋಗುತ್ತದೆ.

ಇಂಥ ಪ್ರಾಣಿಗೆ ಕಣ್ಣಿಗೆ ಕಾಣದ ವೈರಿ ಜಂತುಹುಳು. ಮೈ ಬಡಕಲಾಗುವುದು, ಕೂದಲು ಕಾಂತಿಗೆಡುವುದು, ಆಗಾಗ ಹೊಟ್ಟೆಶೂಲೆ ಬರುವುದು ಇದರ ಲಕ್ಷಣಗಳು. ಆದರೆ ಮೈ ತುಂಬಿಕೊಂಡ ಕುದುರೆಯ ಕರುಳಿನಲ್ಲಿಯೂ ಜಂತು ಇರಬಹುದು. ಆದ್ದರಿಂದ ಹೊಸ ಲದ್ದಿಯನ್ನು ಪಶು ಆಸ್ಪತ್ರೆಗೆ ಒಯ್ದು ಮೊಟ್ಟೆಗಳ ಎಣಿಕೆ ಮಾಡಿಸುವುದೇ ಸರಿಯಾದ ಮಾರ್ಗ. ಔಷಧ ಕೊಟ್ಟ 14 ದಿನಗಳ ಬಳಿಕ ಮತ್ತೊಮ್ಮೆ ಪರೀಕ್ಷಿಸಿದರೆ ಅದು ಫಲಿಸಿತೋ ಇಲ್ಲವೋ ತಿಳಿಯುತ್ತದೆ.

ಎರಡು ತಿಂಗಳಿಗೊಮ್ಮೆ ಕಣ್ಣಂದಾಜಿನಲ್ಲಿ ಔಷಧ ಕುಡಿಸುವ ರೂಢಿ ಹಿತಕರವಲ್ಲ. ಪ್ರಮಾಣ ಕಡಿಮೆಯಾದರೆ ಬಲವಾದ ಹುಳುಗಳು ಬದುಕುಳಿದು ಅವುಗಳ ಸಂತತಿಯೇ ಬೆಳೆಯುತ್ತದೆ. ಮುಂದೆ ಔಷಧವೇ ನಾಟುವುದಿಲ್ಲ. ತೂಕದ ಯಂತ್ರವಿಲ್ಲದವರು ಹೀಗೆ ಲೆಕ್ಕ ಹಾಕಬಹುದು: ಎದೆಯ ಸುತ್ತಳತೆಯನ್ನು ಸೆಂಟಿಮೀಟರಿನಲ್ಲಿ ಅಳೆದು ಅದರಿಂದಲೇ ಗುಣಿಸಿ, ಭುಜದ ತುದಿಯಿಂದ ಪೃಷ್ಠದ ತುದಿಯವರೆಗಿನ ಉದ್ದದಿಂದ ಮತ್ತೆ ಗುಣಿಸಿ, 11,880ರಿಂದ ಭಾಗಿಸಬೇಕು. ಸುತ್ತಳತೆ 140, ಉದ್ದ 125 ಇದ್ದರೆ ತೂಕ ಸುಮಾರು 206 ಕಿಲೋ. ಐವರ್‌ಮೆಕ್ಟಿನ್ ಎಂಬ ಔಷಧವನ್ನು ಕಿಲೋ ತೂಕಕ್ಕೆ 0.2 ಮಿಲಿಗ್ರಾಂನಂತೆ ಕೊಡುವುದು ವಾಡಿಕೆ. ಎಂದರೆ ಈ ಕುದುರೆಗೆ ಸುಮಾರು 41 ಮಿಲಿಗ್ರಾಂ. ದನಗಳಿಗೆಂದು ತಯಾರಾದ ಚುಚ್ಚುಮದ್ದನ್ನು ಕುದುರೆಗೆ ಚುಚ್ಚಬಾರದು.

ಮರಿಗಳ ವಿಷಯದಲ್ಲಿ ಇನ್ನೂ ಎಚ್ಚರ ಬೇಕು. ಅವುಗಳ ಕರುಳಿನಲ್ಲಿ ದುಂಡುಹುಳುಗಳು ಹೆಚ್ಚಾಗಿದ್ದು, ಔಷಧದಿಂದ ಒಮ್ಮೆಲೇ ಸತ್ತರೆ ಕರುಳು ಕಟ್ಟಿಕೊಂಡು ಮರಿಯ ಪ್ರಾಣಕ್ಕೇ ಸಂಚಕಾರ ಬರಬಹುದು. ಎರಡು-ಮೂರು ತಿಂಗಳ ವಯಸ್ಸಿನಲ್ಲಿ ಕೊಡುವ ಮೊದಲ ಔಷಧವನ್ನು ಪಶುವೈದ್ಯರೇ ನಿರ್ಧರಿಸಲಿ.

ಔಷಧ ಕೊಡುವಾಗ ಬಾಯಲ್ಲಿ ಮೇವು ಇರಬಾರದು. ಕುದುರೆಯ ಎದುರಿಗೆ ನಿಲ್ಲದೆ ಪಕ್ಕದಲ್ಲಿ ನಿಂತು, ಬಾಯಿಯ ಮೂಲೆಯಲ್ಲಿ ಹಲ್ಲಿಲ್ಲದ ಎಡೆಯಿಂದ ಪಿಚಕಾರಿಯನ್ನು ತೂರಿಸಿ, ನಾಲಿಗೆಯ ಹಿಂಭಾಗಕ್ಕೆ ಔಷಧ ಬಿಡಬೇಕು. ನುಂಗುವವರೆಗೆ ತಲೆಯನ್ನು ತುಸು ಎತ್ತಿ ಹಿಡಿಯಬೇಕು. ಉಗುಳಿದ ಔಷಧವನ್ನು ನಾಯಿ ನೆಕ್ಕದಂತೆ ಒರೆಸಿಬಿಡಬೇಕು. ಕೆಲವು ತಳಿಯ ನಾಯಿಗಳಿಗೆ ಅದು ವಿಷ.

ಔಷಧವೊಂದರಿಂದಲೇ ಕೆಲಸ ಮುಗಿಯದು. ಲದ್ದಿಯಲ್ಲಿಯ ಮೊಟ್ಟೆ ಒಡೆದು ಹೊರಬಂದ ಮರಿಹುಳು ಹುಲ್ಲನ್ನೇರಿ ಮತ್ತೆ ಕುದುರೆಯ ಹೊಟ್ಟೆ ಸೇರುತ್ತದೆ. ವಾರಕ್ಕೆರಡು ಸಲವಾದರೂ ಲದ್ದಿಯನ್ನು ತೆಗೆದು ತಿಪ್ಪೆಗೆ ಹಾಕಿ ಕೊಳೆಸಿದರೆ ಹುಳುವಿನ ಕಾಟ ತಗ್ಗುತ್ತದೆ, ಹೊಲಕ್ಕೆ ಗೊಬ್ಬರವೂ ಆಗುತ್ತದೆ. ಮಾತು ಬಾರದ ಪ್ರಾಣಿಯ ನೋವನ್ನು ಅರಿತು ಅಳತೆಯಿಂದ ಉಪಚರಿಸುವುದು ಅದನ್ನು ದುಡಿಸಿಕೊಳ್ಳುವವರ ಕರ್ತವ್ಯ.